ನಿಮಗಿದು ಗೊತ್ತೇ? ಸೇಂಟ್ ಮಾರ್ಕ್ಸ್ ರೋಡಿನ ಮಾರ್ಕ ಯಾರು?

● ಬೆಂಗಳೂರಿನ ಅನಿಲ್ ಕುಂಬ್ಳೆ ಸರ್ಕಲ್‌ನಿಂದ ದಕ್ಷಿಣಕ್ಕೆ ಹೊರಡುವ ರಸ್ತೆ ಸೇಂಟ್ ಮಾರ್ಕ್ಸ್ ರೋಡ್. 1868ರಲ್ಲಿ ಹುಟ್ಟಿದ ಬೌರಿಂಗ್ ಇನ್‌ಸ್ಟಿಟ್ಯೂಟ್ ಇರುವುದು ಇಲ್ಲೇ, ಹರಟೆಗೆ ಹೆಸರಾದ ಕೋಶೀಸ್ ಹೋಟೆಲೂ ಇಲ್ಲೇ. ಈ ಹೆಸರಿನ ಮಾರ್ಕ ಯಾರು? ಕಬ್ಬನ್ ಪಾರ್ಕು, ಕಬ್ಬನ್ ರೋಡು ಎರಡೂ ಹತ್ತಿರವಿರುವುದರಿಂದ ಮೈಸೂರಿನ ಕಮಿಷನರ್ ಸರ್ ಮಾರ್ಕ್ ಕಬ್ಬನ್ ಅವರೇ ಇರಬೇಕು ಅನ್ನಿಸುವುದು ಸಹಜ. ಅವರಲ್ಲ. ರಸ್ತೆಗೆ ಹೆಸರು ಬಂದದ್ದು ಅದರ ತುದಿಯಲ್ಲಿರುವ ಸೇಂಟ್ ಮಾರ್ಕ್ಸ್ ಚರ್ಚಿನಿಂದ. ಚರ್ಚಿಗೆ ಅಡಿಗಲ್ಲು ಬಿದ್ದದ್ದು 1808ರಲ್ಲಿ. ಕಬ್ಬನ್ ಕಮಿಷನರ್ ಆದದ್ದು 1834ರಲ್ಲಿ. ರಸ್ತೆಯ ಮಾರ್ಕ ಸುಮಾರು ಎರಡು ಸಾವಿರ ವರ್ಷದ ಹಿಂದಿನವನು. ಬೈಬಲಿನ ಒಂದು ಸುವಾರ್ತೆ ಬರೆದನೆಂದೂ ಈಜಿಪ್ಟಿನ ಅಲೆಕ್ಸಾಂಡ್ರಿಯ ಪಟ್ಟಣದಲ್ಲಿ ಕೊರಳಿಗೆ ಹಗ್ಗ ಬಿಗಿಸಿಕೊಂಡು ಸತ್ತನೆಂದು ಹೇಳಲಾಗುವ ರಕ್ತಸಾಕ್ಷಿ.

● ಇಬ್ಬರು ಮಾರ್ಕರಿಗೂ ಒಂದು ನಂಟಿದೆ. ಕಬ್ಬನ್ 1861ರಲ್ಲಿ ಹುದ್ದೆ ಬಿಟ್ಟು ಊರಿಗೆ ಹೊರಟರು. ತಲುಪಲಿಲ್ಲ. ಆ ಏಪ್ರಿಲ್‌ನಲ್ಲಿ ಸುಯೆಜ್‌ನಲ್ಲಿ ತೀರಿಕೊಂಡರು. ಸುಯೆಜ್ ಇರುವುದೂ ಈಜಿಪ್ಟಿನಲ್ಲೇ.

● ಬೆಂಗಳೂರಿನ ದಂಡು ಪ್ರದೇಶಕ್ಕೂ ಈ ಚರ್ಚಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಪಡೆಯನ್ನು ಮಲೇರಿಯ ಹಣ್ಣು ಮಾಡಿತು. ತಂಪು ಹವೆಯ ಜಾಗ ಹುಡುಕಿ 1807ರಿಂದ 1809ರ ನಡುವೆ ಪಡೆಯನ್ನು ಹಲಸೂರಿನ ಸುತ್ತಲಿನ ಬಯಲಿಗೆ ತಂದರು. ಸಿಪಾಯಿ, ಅಧಿಕಾರಿಗಳ ಪ್ರಾರ್ಥನೆಗೆಂದು ಕಟ್ಟಿದ ಚರ್ಚು 1812ರಲ್ಲಿ ಮುಗಿಯಿತು. 1816ರಲ್ಲಿ ಅದನ್ನು ಪ್ರತಿಷ್ಠಿಸಿದವರು ಕಲ್ಕತ್ತೆಯ ಮೊದಲ ಆಂಗ್ಲಿಕನ್ ಬಿಷಪ್ ಥಾಮಸ್ ಮಿಡಲ್ಟನ್. ಕಲ್ಕತ್ತೆಯವರೇಕೆ ಬಂದರು? ಆಗ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಇದ್ದದ್ದು ಅವರೊಬ್ಬರೇ ಬಿಷಪ್. ಮದರಾಸಿಗೆ ಬೇರೆ ಬಿಷಪ್ ಸಿಕ್ಕಿದ್ದು 1835ರಲ್ಲಿ.

● ಮಾರ್ಕನ ಬಗ್ಗೆ ನಮಗೆ ಸಿಗುವ ಸಂಗತಿಗಳು ಮೂರು ಬಗೆ. ಬೈಬಲಿನ ಹೊಸ ಒಡಂಬಡಿಕೆಯಲ್ಲೇ ಇರುವುದು ಒಂದು. ಹಳೆಯ ಕ್ರೈಸ್ತ ಸಭೆಗಳು ಬಾಯಿಂದ ಬಾಯಿಗೆ ದಾಟಿಸಿ ಆಮೇಲೆ ಬರೆದಿಟ್ಟ ಪರಂಪರೆ ಇನ್ನೊಂದು. ಮೂರನೆಯದು ಅಪ್ಪಟ ದಂತಕಥೆ. ಮೂರನ್ನೂ ಕಲಸಿ ಹೇಳುವುದು ಸುಲಭ. ಬಿಡಿಸಿ ಹೇಳಿದರೆ ಮನುಷ್ಯ ಹೆಚ್ಚು ಚೆನ್ನಾಗಿ ಕಾಣುತ್ತಾನೆ ಎಂಬುದು ನನ್ನ ನಂಬಿಕೆ. ಹಾಗಾಗಿ ಯಾವುದು ಯಾವ ಬಗೆಯದು ಎಂದು ಅಲ್ಲಲ್ಲೇ ಹೇಳುತ್ತಾ ಹೋಗುತ್ತೇನೆ.

● ಬೈಬಲಿನಲ್ಲಿ ಅವನ ಪೂರ್ತಿ ಹೆಸರು ‘ಮಾರ್ಕನೆಂಬ ಯೋಹಾನ’. ಯೆಹೂದ್ಯರಲ್ಲಿ ಯೋಹಾನ, ರೋಮನ್ನರ ನಡುವೆ ಮಾರ್ಕ. ತಾಯಿಯ ಹೆಸರು ಮರಿಯ. ಜೆರುಸಲೇಮಿನಲ್ಲಿ ಆಕೆಗೆ ಹತ್ತಾರು ಜನ ಸೇರಿ ಪ್ರಾರ್ಥಿಸುವಷ್ಟು ದೊಡ್ಡ ಮನೆಯಿತ್ತು. (ಶಿವಾಜಿನಗರದ ಬೆಸಿಲಿಕಾದಲ್ಲಿ ಪ್ರತಿ ಸೆಪ್ಟೆಂಬರ್ 8ಕ್ಕೆ ತೇರು ಎಳೆಸಿಕೊಳ್ಳುವ ಮೇರಿ ಯೇಸುವಿನ ತಾಯಿ. ಆಕೆ ಬೇರೆ, ಈಕೆ ಬೇರೆ.) ಸೆರೆಮನೆಯಿಂದ ಪವಾಡದಂತೆ ಪಾರಾದ ಯೇಸುವಿನ ಶಿಷ್ಯ ಪೇತ್ರ ರಾತ್ರಿ ಬಂದು ಬಾಗಿಲು ತಟ್ಟಿದ್ದು ಈಕೆಯ ಮನೆಗೆ. ರೋದೆ ಎಂಬ ಕೆಲಸದ ಹುಡುಗಿಗೆ ದನಿಯ ಗುರುತು ಸಿಕ್ಕಿತು. ಆದರೆ ಹಿಗ್ಗಿನಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಕ್ಕೆ ಓಡಿದಳು. ಪೇತ್ರ ಹೊರಗೇ ನಿಂತು ತಟ್ಟುತ್ತಲೇ ಇದ್ದ. ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದಲ್ಲಿದೆ ಈ ಪ್ರಸಂಗ. ಇಷ್ಟು ಮನೆಯೊಳಗಿನ ವಿವರ ಆ ಪುಸ್ತಕದಲ್ಲಿ ಬೇರೆಲ್ಲೂ ಸಿಗುವುದು ಅಪರೂಪ.

● ಯೇಸುವನ್ನು ಗೆತ್ಸೆಮನೆ ತೋಪಿನಲ್ಲಿ ಹಿಡಿದ ರಾತ್ರಿ ಬರೀ ನಾರುಮಡಿ ಹೊದ್ದ ಒಬ್ಬ ಹುಡುಗ ಹಿಂದೆ ಹಿಂದೆ ಹೋಗುತ್ತಿದ್ದ. ಕಾವಲಿನವರು ಅವನಿಗೂ ಕೈಹಾಕಿದರು. ಅವನು ಬಟ್ಟೆಯನ್ನು ಅವರ ಕೈಯಲ್ಲೇ ಬಿಟ್ಟು ಬೆತ್ತಲೆಯಾಗಿ ಓಡಿದ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಈ ಸಂಗತಿ ಇರುವುದು ಒಂದರಲ್ಲೇ, ಮಾರ್ಕನ ಸುವಾರ್ತೆಯಲ್ಲಿ, 14ನೆಯ ಅಧ್ಯಾಯದಲ್ಲಿ, ಎರಡೇ ವಚನ. ಹುಡುಗನ ಹೆಸರಿಲ್ಲ. ಅವನು ಮಾರ್ಕನೇ ಎಂದು ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಕಥೆಗೆ ಬೇಡದ ಇಂಥ ನಾಚಿಕೆಯ ವಿವರವನ್ನು ಬೇರೆ ಯಾರು ಬರೆದಾರು ಎಂಬುದು ಅವರ ವಾದ. ಸಾಬೀತು ಮಾಡಲು ಆಗದು. ಆದರೆ ಅವನ ಮುಂದಿನ ಬದುಕಿಗೆ ಇದು ಎಷ್ಟು ಹೊಂದುತ್ತದೆ ನೋಡಿ.

● ಆ ಹುಡುಗ ಮಾರ್ಕನೇ ಆಗಿದ್ದರೆ ಅವನು ಎರಡನೆಯ ಸಲವೂ ಓಡಿಹೋದ, ಈ ಎರಡನೆಯದು ಬೈಬಲಿನ ಮಾತೇ. ಆದಿ ಕ್ರೈಸ್ತ ಪ್ರಚಾರಕರಾದ ಪೌಲ ಮತ್ತು ಬಾರ್ನಬ ಮೊದಲ ಸಲ ದೂರದೇಶಕ್ಕೆ ಸುವಾರ್ತೆ ಸಾರಲು ಹೊರಟಾಗ ಸಹಾಯಕ್ಕೆ ಇವನನ್ನು ಕರೆದುಕೊಂಡಿದ್ದರು. ಬಾರ್ನಬ ಇವನಿಗೆ ನೆಂಟ. ಸೈಪ್ರಸ್ ದ್ವೀಪ ಸುತ್ತಿ, ಹಡಗು ಹತ್ತಿ, ಇಂದಿನ ಟರ್ಕಿಯ ದಕ್ಷಿಣ ಕರಾವಳಿಯ ಪೆರ್ಗೆ ಪಟ್ಟಣಕ್ಕೆ ಬಂದರು. ಮುಂದೆ ಬೆಟ್ಟಸಾಲಿನ ಕಷ್ಟದ ದಾರಿ. ಮಾರ್ಕ ಅಲ್ಲಿಂದಲೇ ಜೆರುಸಲೇಮಿಗೆ ವಾಪಸಾದ. ಕಾರಣವನ್ನು ಬೈಬಲು ಹೇಳುವುದಿಲ್ಲ.

ಎರಡನೆಯ ಪ್ರಯಾಣಕ್ಕೆ ಸಿದ್ಧತೆ ನಡೆದಾಗ ಬಾರ್ನಬ ಮತ್ತೆ ಇವನನ್ನು ಕರೆದೊಯ್ಯೋಣ ಎಂದ. ಪೌಲ ಖಡಾಖಂಡಿತವಾಗಿ ಬೇಡವೆಂದ. ಮಾತಿಗೆ ಮಾತು ಬೆಳೆದು ಆ ಇಬ್ಬರು ಹಳೆಯ ಗೆಳೆಯರು ಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹೋದ. ಪೌಲ ಸೀಲ ಎಂಬವನ ಜೊತೆ ಬೇರೆ ದಾರಿ ಹಿಡಿದ. ಕ್ರೈಸ್ತ ಸಭೆಯ ಮೊದಮೊದಲ ಜಗಳಗಳಲ್ಲಿ ಒಂದು ಈ ಹುಡುಗನಿಂದಾಗಿ ಆಯಿತು. ವರ್ಷಗಳಾದ ಮೇಲೆ ಪೌಲನ ಹೆಸರಿನಲ್ಲಿರುವ ಪತ್ರವೊಂದು, ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಎಂಬ ಅರ್ಥದಲ್ಲಿ ಕೇಳುತ್ತದೆ. ನಡುವೆ ಏನು ನಡೆಯಿತೆಂದು ಎಲ್ಲೂ ಬರೆದಿಲ್ಲ. ಯಾರೋ ಅವನನ್ನು ಕೈಬಿಡದೆ ಕಾದರು ಎಂಬುದಂತೂ ನಿಜ, ಮತ್ತು ಆ ಯಾರೋ ಬಾರ್ನಬನೇ ಇರಬೇಕು ಅಂತ ನನಗೆ ಅನ್ನಿಸುತ್ತದೆ.

● ಪೇತ್ರನ ಹೆಸರಿನ ಪತ್ರವೊಂದರಲ್ಲಿ ಮಾರ್ಕನನ್ನು ‘ಮಗ’ ಎಂದು ಕರೆದಿದೆ. ಹೆತ್ತ ಮಗನಲ್ಲ, ಮಗನಂಥ ಶಿಷ್ಯ. ಎರಡನೆಯ ಶತಮಾನದ ಪಾಪಿಯಸ್ ಎಂಬ ಬಿಷಪ್ ಬರೆದಿಟ್ಟ ಪ್ರಕಾರ ಮಾರ್ಕ ಪೇತ್ರನ ದುಭಾಷಿ. ಪೇತ್ರ ಹೇಳಿದ್ದನ್ನು ನೆನಪಿದ್ದಷ್ಟು ಬರೆದುಕೊಂಡ, ಅದೇ ಸುವಾರ್ತೆಯಾಯಿತು. ಪಾಪಿಯಸ್‌ನ ಪುಸ್ತಕ ಉಳಿದಿಲ್ಲ. ಯೂಸೇಬಿಯಸ್ ಎಂಬ ಇತಿಹಾಸಕಾರ ತನ್ನ ಗ್ರಂಥದಲ್ಲಿ ಎತ್ತಿಟ್ಟುಕೊಂಡದ್ದರಿಂದ ಇಷ್ಟಾದರೂ ನಮಗೆ ತಿಳಿದಿದೆ.

● ನಾಲ್ಕು ಸುವಾರ್ತೆಗಳಲ್ಲಿ ತೀರ ಚಿಕ್ಕದು ಮಾರ್ಕನದು: 16 ಅಧ್ಯಾಯ. ಮತ್ತಾಯನದು 28, ಲೂಕನದು 24, ಯೋಹಾನನದು 21. ಮೊದಲು ಬರೆದದ್ದೂ ಇದೇ, ಸುಮಾರು ಕ್ರಿ.ಶ. 70ರ ಆಸುಪಾಸಿನಲ್ಲಿ, ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಯೇಸುವಿನ ಹುಟ್ಟು, ಗೋದಲಿ, ಕುರುಬರು, ಮೂವರು ಜ್ಞಾನಿಗಳು ಯಾವುದೂ ಇದರಲ್ಲಿಲ್ಲ. ಕಥೆ ನೇರವಾಗಿ ಅಡವಿಯಲ್ಲಿ ಕೂಗುವ ದನಿಯಿಂದ ಶುರು.

● ಅದರ ಕೊನೆ ಇನ್ನೂ ವಿಚಿತ್ರ. ನಾಲ್ಕನೆಯ ಶತಮಾನದ ಎರಡು ಹಳೆಯ ಪ್ರತಿಗಳಲ್ಲಿ, ವ್ಯಾಟಿಕನ್ ಪ್ರತಿ ಮತ್ತು ಸೈನಾಯ್ ಪ್ರತಿಗಳಲ್ಲಿ, ಸುವಾರ್ತೆ 16ನೆಯ ಅಧ್ಯಾಯದ 8ನೆಯ ವಚನಕ್ಕೇ ನಿಲ್ಲುತ್ತದೆ. ಹೆಂಗಸರು ಯೇಸುವನ್ನು ಹೂಳಿದ್ದ ಗವಿ ಬರಿದಾಗಿರುವುದನ್ನು ಕಂಡು ಹೆದರಿ ಓಡುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ, ಅಷ್ಟೇ. ಇಂದಿನ ಬೈಬಲುಗಳಲ್ಲಿ ಕಾಣುವ 9ರಿಂದ 20ರವರೆಗಿನ ವಚನಗಳನ್ನು ಆಮೇಲೆ ಸೇರಿಸಲಾಯಿತೆಂದು ಬಹುಪಾಲು ಪಂಡಿತರ ಅಭಿಪ್ರಾಯ.

● 1978ರಲ್ಲಿ ಅಲೆಕ್ ಮೆಕವನ್ ಎಂಬ ಬ್ರಿಟಿಷ್ ನಟ ಇಡೀ ಮಾರ್ಕನ ಸುವಾರ್ತೆಯನ್ನು ಬಾಯಿಪಾಠ ಮಾಡಿ ರಂಗದ ಮೇಲೆ ಒಬ್ಬನೇ ನಿಂತು ಹೇಳತೊಡಗಿದ. ಒಂದು ಮೇಜು, ಒಂದೆರಡು ಕುರ್ಚಿ, ಬೇರೆ ಸರಂಜಾಮಿಲ್ಲ. ನಮ್ಮ ಹರಿಕಥೆಯಲ್ಲಿ ದಾಸರೊಬ್ಬರೇ ಎಲ್ಲ ಪಾತ್ರವೂ ಆಗುವಂತೆ ಅವನೂ ಆಗುತ್ತಿದ್ದ. ಲಂಡನ್, ನ್ಯೂಯಾರ್ಕ್ ಎರಡೂ ಕಡೆ ಜನ ಕಿಕ್ಕಿರಿದರು. ಕಿವಿಗೆಂದೇ ಹುಟ್ಟಿದ ಪುಸ್ತಕ ಇದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

● ಕನ್ನಡಕ್ಕೆ ಮಾರ್ಕ ಬಂದದ್ದು ಬಳ್ಳಾರಿಯ ದಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿ ಕುಳಿತು ಬೈಬಲನ್ನು ಕನ್ನಡಿಸಿದರು. 1830ರ ದಶಕದ ಆರಂಭಕ್ಕೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿತ್ತು.

● ಹಳೆಯ ಸಭೆಯಲ್ಲಿ ಮಾರ್ಕನಿಗೆ ‘ಮೊಂಡು ಬೆರಳಿನವ’ ಎಂಬ ಅಡ್ಡಹೆಸರಿತ್ತು. ಮೂರನೆಯ ಶತಮಾನದ ಬರಹವೊಂದು ಹೀಗೆ ಕರೆಯುತ್ತದೆ. ಏಕೆಂದು ಕೇಳಿದರೆ ದಂತಕಥೆ ಉತ್ತರ ಕೊಡುತ್ತದೆ: ಅಂಗ ಊನವಾದವರು ಯೆಹೂದ್ಯ ಯಾಜಕರಾಗುವಂತಿರಲಿಲ್ಲ. ಲೇವಿಯ ಕುಲದ ಮಾರ್ಕ ಆ ಕೆಲಸ ತನಗೆ ಬೇಡವೆಂದು ತಾನೇ ಹೆಬ್ಬೆರಳು ಕತ್ತರಿಸಿಕೊಂಡನಂತೆ. ಹುಟ್ಟಿನಿಂದಲೇ ಅವನ ಬೆರಳು ಗಿಡ್ಡವಾಗಿದ್ದಿರಬಹುದು ಎನ್ನುವವರೂ ಇದ್ದಾರೆ.

● ಅಲೆಕ್ಸಾಂಡ್ರಿಯಕ್ಕೆ ಕಾಲಿಟ್ಟಾಗಲೇ ಮಾರ್ಕನ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರ ಪರಂಪರೆಯ ಕಥೆ ಇದು, ನನಗೆ ತುಂಬ ಪ್ರಿಯವಾದದ್ದು. ದಾರಿಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಅನಿಯಾನಸ್ ಎಂಬವನಿಗೆ ರಿಪೇರಿಗೆ ಕೊಟ್ಟ. ಹೊಲಿಯುವಾಗ ದಬ್ಬಳ ಅನಿಯಾನಸ್‌ನ ಕೈಗೆ ಚುಚ್ಚಿತು. ನೋವಿಗೆ ಅವನ ಬಾಯಿಂದ ‘ದೇವರು ಒಬ್ಬನೇ’ ಎಂಬ ಉದ್ಗಾರ ಬಂತು. ಮಾರ್ಕ ಉಗುಳಿನಲ್ಲಿ ಮಣ್ಣು ಕಲಸಿ ಗಾಯಕ್ಕೆ ಹಚ್ಚಿದ, ಗಾಯ ಮಾಯಿತು. ಆ ಒಬ್ಬನೇ ದೇವರು ಯಾರೆಂದು ನಿನಗೆ ಗೊತ್ತೇ ಎಂದು ಮಾತು ತೆಗೆದ. ಅನಿಯಾನಸ್ ಅವನನ್ನು ಮನೆಗೆ ಕರೆದು ಊಟಕ್ಕಿಟ್ಟ, ಮನೆಮಂದಿಯೆಲ್ಲ ದೀಕ್ಷಾಸ್ನಾನ ಪಡೆದರು. ಮುಂದೆ ಮಾರ್ಕನ ನಂತರ ಅಲೆಕ್ಸಾಂಡ್ರಿಯದ ಧರ್ಮಪೀಠದಲ್ಲಿ ಕೂತವನು ಇದೇ ಅನಿಯಾನಸ್. ಚಪ್ಪಲಿ ಹೊಲಿಯುವ ಕೈಗೆ ಆಫ್ರಿಕದ ಅತಿ ಹಳೆಯ ಕ್ರೈಸ್ತ ಪೀಠ ಸಿಕ್ಕಿತು ಎಂಬುದನ್ನು ಆ ಸಭೆ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಆ ಸಾಲು ಇನ್ನೂ ಕಡಿದಿಲ್ಲ: 2012ರಲ್ಲಿ ಆಯ್ಕೆಯಾದ ಎರಡನೆಯ ತವಾದ್ರೋಸ್ ಅವರು ಮಾರ್ಕನಿಂದ ಎಣಿಸಿದರೆ 118ನೆಯವರು.

● ಮಾರ್ಕನ ಸಾವು ಕ್ರಿ.ಶ. 68ರಲ್ಲಿ ಎಂದು ಕೋಪ್ಟಿಕ್ ಪರಂಪರೆ ನಂಬುತ್ತದೆ. ಆ ವರ್ಷ ಪುನರುತ್ಥಾನದ ಹಬ್ಬವೂ ಸೆರಾಪಿಸ್ ದೇವರ ಉತ್ಸವವೂ ಒಂದೇ ದಿನ ಬಿದ್ದವು. ಸಿಟ್ಟಾದ ಗುಂಪು ಪ್ರಾರ್ಥನೆಗೆ ನುಗ್ಗಿ ಅವನ ಕೊರಳಿಗೆ ಹಗ್ಗ ಬಿಗಿದು ಬೀದಿಬೀದಿ ಎಳೆಯಿತು. ಕಡಲ ಹತ್ತಿರದ ದನ ಮೇಯುವ ಬಯಲಿಗೆ ಎಳೆಯಿರಿ ಎಂದು ಕೂಗುತ್ತಿದ್ದರಂತೆ. ರಾತ್ರಿ ಸೆರೆಯಲ್ಲಿಟ್ಟರು. ಕತ್ತಲಲ್ಲಿ ಮೊದಲು ದೇವದೂತನೂ ಆಮೇಲೆ ಕ್ರಿಸ್ತನೂ ಕಾಣಿಸಿಕೊಂಡು ಧೈರ್ಯ ಹೇಳಿದರು. ಮರುದಿನ ಮತ್ತೆ ಎಳೆದರು, ಪ್ರಾಣ ಹೋಯಿತು. ದೇಹ ಸುಡಲು ಚಿತೆ ಹೊತ್ತಿಸಿದಾಗ ಬಿರುಗಾಳಿ ಮಳೆ ಬಂದು ಬೆಂಕಿ ಆರಿತು, ಜನ ಚದುರಿದರು, ಶಿಷ್ಯರು ದೇಹ ಎತ್ತಿಕೊಂಡು ಹೋಗಿ ಹೂಳಿದರು.

ಇದರಲ್ಲಿ ಯಾವುದೂ ಬೈಬಲಿನಲ್ಲಿಲ್ಲ. ಆದರೂ ಈ ಕಥೆ ಕೇಳುವಾಗ ಗೆತ್ಸೆಮನೆಯ ಆ ಹುಡುಗ, ಪೆರ್ಗೆಯಿಂದ ಹಿಂದಿರುಗಿದ ಆ ಯುವಕ ಇಬ್ಬರೂ ನನ್ನ ಕಣ್ಣಮುಂದೆ ಬರುತ್ತಾರೆ. ಈ ಸಲ ಅವನು ಓಡಲಿಲ್ಲ. ನೂರಾರು ಸಂತರ ನಡುವೆ ಮಾರ್ಕನನ್ನು ನನಗೆ ಹತ್ತಿರದವನಾಗಿಸುವುದು ಇದೇ.

● ಮೂರು ಬೆಂಕಿಗಳು. ಅಲೆಕ್ಸಾಂಡ್ರಿಯದ್ದು ಮಳೆಗೆ ಆರಿತು. ಅವನ ದೇಹ ಮುಂದೆ ಸೇರಿದ ವೆನಿಸ್‌ನಲ್ಲಿ ಮಾರ್ಕನ ಮೊದಲ ದೇವಾಲಯ 976ರ ದಂಗೆಯಲ್ಲಿ ಸುಟ್ಟಿತು. ಬೆಂಗಳೂರಿನ ಮಾರ್ಕನ ಚರ್ಚಿಗೆ 1923ರಲ್ಲಿ ಬೆಂಕಿ ಬಿದ್ದು ಬಹಳ ಹಾನಿಯಾಯಿತು. 1927ರ ಹೊತ್ತಿಗೆ ಅದನ್ನು ಮತ್ತೆ ಎಬ್ಬಿಸಿದರು. ಇಂದು ಎಂ.ಜಿ. ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಗುಮ್ಮಟ ಆ ಮರುಹುಟ್ಟಿನದು.

● 828ರಲ್ಲಿ ಮಾರ್ಕನ ದೇಹವನ್ನು ಕದ್ದರು. ಬುವೊನೊ, ರುಸ್ತಿಕೊ ಎಂಬ ವೆನಿಸ್‌ನ ಇಬ್ಬರು ವ್ಯಾಪಾರಿಗಳು ಅಲೆಕ್ಸಾಂಡ್ರಿಯದ ಗೋರಿಯಿಂದ ದೇಹ ತೆಗೆದು ಆ ಜಾಗದಲ್ಲಿ ಸಂತ ಕ್ಲಾಡಿಯಳ ದೇಹ ಇಟ್ಟರಂತೆ. ಮಾರ್ಕನ ದೇಹವನ್ನು ಬುಟ್ಟಿಯಲ್ಲಿಟ್ಟು ಮೇಲೆ ಹಂದಿಮಾಂಸ ಹರಡಿದರು. ಬಂದರಿನ ಸುಂಕದವರು ಮುಸ್ಲಿಮರು. ಮುಚ್ಚಳ ತೆಗೆದವರು ಮುಖ ತಿರುಗಿಸಿಕೊಂಡು ಹೋಗಲು ಬಿಟ್ಟರು. ಈ ಪ್ರಸಂಗವನ್ನು ವೆನಿಸ್ ಮುಚ್ಚಿಡಲಿಲ್ಲ. ತನ್ನ ಮಹಾದೇವಾಲಯದ ಗೋಡೆಗಳ ಮೇಲೆ ಬಣ್ಣಬಣ್ಣದ ಗಾಜುಹರಳಿನ ಚಿತ್ರವಾಗಿ ಮೂಡಿಸಿತು. ತಿಂತೊರೆತ್ತೊ ಎಂಬ ಮಹಾ ಚಿತ್ರಕಾರನೂ ದೇಹ ಹೊತ್ತೊಯ್ಯುವ ದೃಶ್ಯವನ್ನು 1560ರ ದಶಕದಲ್ಲಿ ಬರೆದ.

ಕಳವಿನ ಹಿಂದೆ ಇದ್ದದ್ದು ಭಕ್ತಿಯೊಂದೇ ಅಲ್ಲ. ಅಲ್ಲಿಯವರೆಗೆ ವೆನಿಸ್‌ನ ಪಾಲಕ ಸಂತ ಥಿಯೊಡೋರ್. ತಲೆಯೆತ್ತುತ್ತಿದ್ದ ವ್ಯಾಪಾರಿ ಊರಿಗೆ ಸುವಾರ್ತೆ ಬರೆದವನಂಥ ದೊಡ್ಡ ಹೆಸರು ಬೇಕಾಗಿತ್ತು. ಸತ್ತವರ ಎಲುಬಿಗೆ ಬದುಕಿದ್ದವರು ಇಷ್ಟು ರಾಜಕೀಯ ಹೊರಿಸಿದ್ದು ಇತಿಹಾಸದಲ್ಲಿ ಇದೊಂದೇ ಸಲವಲ್ಲ. ಆದರೆ ಇಷ್ಟು ಫಲ ಕೊಟ್ಟದ್ದು ಕಡಿಮೆ. ಮುಂದೆ ಶತಮಾನಗಟ್ಟಲೆ, 1797ರಲ್ಲಿ ನೆಪೋಲಿಯನ್ ಬರುವ ತನಕ, ಆ ಗಣರಾಜ್ಯದ ಧ್ವಜ, ನಾಣ್ಯ, ಕೋಟೆಬಾಗಿಲುಗಳ ಮೇಲೆಲ್ಲ ಮಾರ್ಕನ ಸಿಂಹ ಮೆರೆಯಿತು.

● ಆ ಸಿಂಹಕ್ಕೆ ರೆಕ್ಕೆಯಿದೆ. ಬೈಬಲಿನ ಯೆಹೆಜ್ಕೇಲನ ದರ್ಶನದಲ್ಲೂ ಪ್ರಕಟನೆ ಗ್ರಂಥದಲ್ಲೂ ಮನುಷ್ಯ, ಸಿಂಹ, ಹೋರಿ, ಹದ್ದು ಎಂಬ ನಾಲ್ಕು ಜೀವಿಗಳು ಬರುತ್ತವೆ. ನಾಲ್ಕು ಸುವಾರ್ತೆಗಾರರಿಗೆ ಅವನ್ನು ಹಂಚಿಕೊಟ್ಟಾಗ ಅಡವಿಯ ಕೂಗಿನಿಂದ ಶುರುಮಾಡಿದ ಮಾರ್ಕನಿಗೆ ಸಿಂಹ ಬಂತು.

● ವೆನಿಸ್‌ನ ಚೌಕದ ಕಂಬದ ಮೇಲಿರುವ ಕಂಚಿನ ಸಿಂಹ ಇಟಲಿಯದ್ದಲ್ಲದೆ ಇರಬಹುದು. ಪಡುವಾ ವಿಶ್ವವಿದ್ಯಾಲಯದ ಸಂಶೋಧಕರು ಅದರ ಲೋಹವನ್ನು ಪರೀಕ್ಷಿಸಿ, ತಾಮ್ರ ಚೀನಾದ ಯಾಂಗ್‌ತ್ಸೆ ನದಿಯ ಕಡೆಯದೆಂದು 2024ರಲ್ಲಿ ಹೇಳಿದರು.

● ವೆನಿಸ್ ಚಲನಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ‘ಚಿನ್ನದ ಸಿಂಹ’. ಅದು ಮಾರ್ಕನ ಸಿಂಹವೇ. 1957ರಲ್ಲಿ ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’, 2001ರಲ್ಲಿ ಮೀರಾ ನಾಯರ್ ಅವರ ‘ಮಾನ್ಸೂನ್ ವೆಡ್ಡಿಂಗ್’ ಅದನ್ನು ಗೆದ್ದು ತಂದವು.

● ಮಿಲಾನಿನ ಬ್ರೆರಾ ಚಿತ್ರಶಾಲೆಯಲ್ಲಿ ಮಾರ್ಕ ಅಲೆಕ್ಸಾಂಡ್ರಿಯದಲ್ಲಿ ಉಪದೇಶ ಮಾಡುತ್ತಿರುವ ದೊಡ್ಡ ಚಿತ್ರವಿದೆ. ಬೆಲ್ಲಿನಿ ಸೋದರರದು, ಅಣ್ಣ ಜೆಂತಿಲೆ 1507ರಲ್ಲಿ ತೀರಿಕೊಂಡ ಮೇಲೆ ತಮ್ಮ ಜೊವಾನ್ನಿ ಮುಗಿಸಿದ. ಹಿನ್ನೆಲೆಯಲ್ಲಿ ಒಂದು ಜಿರಾಫೆ ಆರಾಮವಾಗಿ ನಿಂತಿದೆ!

● ಅರ್ಧ ಶತಮಾನಕ್ಕೂ ಹಿಂದೆ ಮಾರ್ಕ ಮನೆಗೆ ಮರಳಿದ. 1968, ಅವನ ಸಾವಿಗೆ 1,900 ವರ್ಷ ತುಂಬಿದ ವರ್ಷ. ಪೋಪ್ ಆರನೆಯ ಪೌಲರು ಪವಿತ್ರ ಅಸ್ಥಿಯ ಒಂದು ಭಾಗವನ್ನು ಕೋಪ್ಟಿಕ್ ಸಭೆಗೆ ಹಿಂದಿರುಗಿಸಿದರು. ಜೂನ್ 24ರಂದು ಅದು ವಿಮಾನದಲ್ಲಿ ಕೈರೋಗೆ ಬಂತು. ಮರುದಿನ ಅಬ್ಬಾಸಿಯಾದಲ್ಲಿ ಹೊಸ ಮಾರ್ಕ್ಸ್ ಕತೀಡ್ರಲ್ ತೆರೆಯಿತು. ಬಂದವರಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸೆರ್, ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿ ಇದ್ದರು. ಕದ್ದೊಯ್ದ 1,140 ವರ್ಷಗಳ ಮೇಲೆ ಮರಳಿ ಕೊಟ್ಟದ್ದು ಇದು. ಬೇರೆಯವರ ಪವಿತ್ರ ವಸ್ತುಗಳನ್ನು ಇನ್ನೂ ತಮ್ಮ ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟುಕೊಂಡಿರುವ ದೇಶಗಳು ಈ ಪುಟವನ್ನು ಓದಬೇಕು.

● ಕೋಪ್ಟಿಕ್ ಕ್ರೈಸ್ತರ ಪಂಚಾಂಗಕ್ಕೆ ‘ರಕ್ತಸಾಕ್ಷಿಗಳ ಶಕೆ’ ಎಂದೇ ಹೆಸರು. ಅದರ ಮೊದಲ ವರ್ಷ ಕ್ರಿಸ್ತ ಹುಟ್ಟಿದ್ದಲ್ಲ. ಕ್ರೈಸ್ತರನ್ನು ಬೇಟೆಯಾಡಿದ ಚಕ್ರವರ್ತಿ ಡಯೊಕ್ಲೀಶಿಯನ್ ಪಟ್ಟಕ್ಕೆ ಬಂದ ಕ್ರಿ.ಶ. 284.

● ಡಯೊಕ್ಲೀಶಿಯನ್ ಹೆಸರು ಬಂತು, ಅವನ ಹೆಸರಿನೊಂದಿಗೆ ತಳಕು ಹಾಕಿಕೊಂಡ ಇನ್ನೊಬ್ಬ ಸಂತಳ ಜಾಡು ಹಿಡಿದು ಕೆ.ಆರ್. ಪುರದ ಪಕ್ಕದ ಟಿ.ಸಿ. ಪಾಳ್ಯಕ್ಕೆ ಹೋಗೋಣ. ಅದರ ಪೂರ್ಣ ಹೆಸರು ತಂಬುಚೆಟ್ಟಿ ಪಾಳ್ಯ. ಮೈಸೂರು ಸಂಸ್ಥಾನದಲ್ಲಿ ಮುಖ್ಯ ನ್ಯಾಯಾಧೀಶರಾಗಿ, ಹಂಗಾಮಿ ದಿವಾನರಾಗಿ ಕೆಲಸ ಮಾಡಿದ ಟಿ.ಆರ್.ಎ. ತಂಬುಚೆಟ್ಟಿಯವರ ಮನೆತನದ ಹೆಸರು. ಕ್ಯಾಥೊಲಿಕ್ ಮನೆತನ. ಇದೇ ಮನೆತನದ ಟಿ. ತಂಬುಚೆಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹುಜೂರ್ ಕಾರ್ಯದರ್ಶಿ. ಅವರು 1926ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಒಂದು ಪವಿತ್ರ ಅಸ್ಥಿಯನ್ನು ಪಡೆದು ಮೈಸೂರಿನ ಫಾದರ್ ಕೊಶೆ ಅವರ ಕೈಗಿತ್ತರು. ಚರ್ಚು ಕಟ್ಟಲೆಂದು ಫಾದರ್ ಮಹಾರಾಜರ ಬಳಿ ಹೋದರು. 1933ರ ಅಕ್ಟೋಬರ್ 28ರಂದು ನಾಲ್ವಡಿಯವರೇ ಅಡಿಗಲ್ಲು ಹಾಕಿದರು. ಅದೇ ಇಂದು 175 ಅಡಿಯ ಜೋಡಿ ಗೋಪುರಗಳ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚು. ಬೆಂಗಳೂರಿನ ವಿವೇಕನಗರದ ಕಡೆಯ ಫಿಲೋಮಿನಾ ಆಸ್ಪತ್ರೆಗೂ ಪುತ್ತೂರಿನ ಫಿಲೋಮಿನಾ ಕಾಲೇಜಿಗೂ ಇದೇ ಸಂತಳ ಹೆಸರು.

● ಈ ಫಿಲೋಮಿನಾ ಬಗ್ಗೆ ಇತಿಹಾಸಕ್ಕೆ ಗೊತ್ತಿರುವುದೆಲ್ಲ ಮೂರು ಹೆಂಚಿನ ಮೇಲಿದೆ. 1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ನೆಲಮಾಳಿಗೆ ಸ್ಮಶಾನದಲ್ಲಿ ಒಂದು ಗೂಡು ಸಿಕ್ಕಿತು. ಬಾಯಿಗೆ ಮೂರು ಸುಟ್ಟಮಣ್ಣಿನ ಹೆಂಚು, ಮೇಲೆ ಕೆಂಪು ಬಣ್ಣದಲ್ಲಿ ಅಕ್ಷರ, ಜೊತೆಗೆ ಲಂಗರು, ಬಾಣ, ತಾಳೆಗರಿಯ ಚಿತ್ರ. ಇದ್ದ ಹಾಗೇ ಓದಿದರೆ ಅರ್ಥವಿಲ್ಲ. ಮೊದಲ ಹೆಂಚನ್ನು ಕೊನೆಗಿಟ್ಟರೆ ‘ಫಿಲುಮೆನಾ, ನಿನಗೆ ಶಾಂತಿ’ ಎಂಬ ಲ್ಯಾಟಿನ್ ಮಾತಾಗುತ್ತದೆ. ಒಳಗೆ ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯ ಎಲುಬು, ಒಂದು ಗಾಜಿನ ಕುಡಿಕೆ. ಅಷ್ಟೇ.

ಉಳಿದದ್ದೆಲ್ಲ ಆಮೇಲೆ ಬೆಳೆದ ಕಥೆ. 1833ರಲ್ಲಿ ಇಟಲಿಯ ಒಬ್ಬ ಸನ್ಯಾಸಿನಿ ತನಗೆ ದರ್ಶನವಾಯಿತೆಂದು ಹೇಳಿದರು: ಫಿಲೋಮಿನಾ ಗ್ರೀಕ್ ರಾಜಕುಮಾರಿ, ಡಯೊಕ್ಲೀಶಿಯನ್‌ನನ್ನು ಮದುವೆಯಾಗಲು ಒಪ್ಪಲಿಲ್ಲ, ಲಂಗರು ಕಟ್ಟಿ ನದಿಗೆ ಎಸೆದರೂ ಬಾಣ ಬಿಟ್ಟರೂ ಸಾಯಲಿಲ್ಲ, ಕೊನೆಗೆ ತಲೆ ಕಡಿದರು. ಹೆಂಚಿನ ಮೇಲಿದ್ದ ಲಂಗರಿಗೂ ಬಾಣಕ್ಕೂ ಕಥೆಯಲ್ಲಿ ಒಂದೊಂದು ಹಿಂಸೆ ಸಿಕ್ಕಿತು. 1835ರಲ್ಲಿ ಪೋಲೀನ್ ಜಾರಿಕೊ ಎಂಬ ಫ್ರೆಂಚ್ ಮಹಿಳೆ ಆಕೆಯ ಗುಡಿಯಲ್ಲಿ ಗುಣವಾದರೆಂಬ ಸುದ್ದಿ ಯುರೋಪಿನಲ್ಲೆಲ್ಲ ಹಬ್ಬಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒರಾಜಿಯೊ ಮರುಕ್ಕಿ ಎಂಬ ಪುರಾತತ್ವಜ್ಞರು, ಆ ಹೆಂಚುಗಳು ಹಿಂದಿನ ಯಾವುದೋ ಗೋರಿಯವು, ಬೇರೆ ದೇಹಕ್ಕೆ ಮತ್ತೆ ಬಳಸಿದ್ದಾರೆ ಎಂದು ವಾದಿಸಿದರು. 1961ರಲ್ಲಿ ರೋಮ್ ಆಕೆಯ ಹೆಸರನ್ನು ಪೂಜಾ ಪಂಚಾಂಗಗಳಿಂದ ತೆಗೆಯಿತು. ಮೈಸೂರಿನಲ್ಲಿ ಮೊಂಬತ್ತಿ ಹಚ್ಚುವವರ ಸಾಲು ಕರಗಲಿಲ್ಲ. ಆ ಹುಡುಗಿ ರಾಜಕುಮಾರಿಯಲ್ಲದಿದ್ದರೂ, ಹೆಸರು ಬೇರೆಯೇ ಆಗಿದ್ದರೂ, ಎಳೆಯ ವಯಸ್ಸಿನಲ್ಲಿ ಸತ್ತ ಯಾರದೋ ಮಗಳು. ಅವಳಿಗೆ ಸಲ್ಲುವ ಒಂದು ಮೊಂಬತ್ತಿಯನ್ನು ಕಿತ್ತುಕೊಳ್ಳುವ ಮನಸ್ಸು ನನಗೆ ಬಾರದು.

● ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚು ಸ್ಕಾಟ್ಲೆಂಡಿನವರು ಕಟ್ಟಿದ್ದು: ಅಡಿಗಲ್ಲು 1864, ಬಾಗಿಲು ತೆರೆದದ್ದು 1866. ಈ ಆಂಡ್ರ್ಯೂ, ಅಂದರೆ ಕನ್ನಡ ಬೈಬಲಿನ ಅಂದ್ರೆಯ, ಮಾರ್ಕನ ಗುರು ಪೇತ್ರನ ಒಡಹುಟ್ಟಿದವನು. ಗ್ರೀಸಿನ ಪಾತ್ರಾಸ್‌ನಲ್ಲಿ ಓರೆಯಾಗಿ ಹೆಣೆದ ಶಿಲುಬೆಗೆ ಕಟ್ಟಿ ಕೊಂದರು ಎಂಬುದು ಪರಂಪರೆ. ಸ್ಕಾಟ್ಲೆಂಡಿನ ಧ್ವಜದಲ್ಲಿ ನೀಲಿಯ ಮೇಲೆ ಕಾಣುವ ಬಿಳಿಯ ಓರೆಗೆರೆಗಳು ಆ ಶಿಲುಬೆಯೇ.

● ನಮ್ಮ ಮೆಟ್ರೋದ ಒಂದು ನಿಲ್ದಾಣಕ್ಕೆ ಚರ್ಚಿನ ಹೆಸರಿದೆ. ಕೆ.ಆರ್. ಪುರದಲ್ಲಿ ನೇರಳೆ ಮಾರ್ಗದ ರೈಲು ಹತ್ತಿ ಇಂದಿರಾನಗರ, ಹಲಸೂರು ದಾಟಿದರೆ ಸಿಗುವ ಟ್ರಿನಿಟಿ, 1851ರಲ್ಲಿ ಕಟ್ಟಿದ ಹೋಲಿ ಟ್ರಿನಿಟಿ ಚರ್ಚಿನಿಂದ ಬಂದದ್ದು. ಮುಂದಿನ ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಇಳಿದು ಕಬ್ಬನ್ ಪಾರ್ಕಿನ ಕಡೆಗೆ ನಡೆದರೆ ಮಾರ್ಕನ ಚರ್ಚು. ಮೊದಲು ಸೌತ್ ಪೆರೇಡ್ ಆಗಿದ್ದ ಆ ರಸ್ತೆಗೆ ಗಾಂಧೀಜಿಯ ಹೆಸರಿಟ್ಟದ್ದು 1948ರಲ್ಲಿ.

● ಕನ್ನಡನಾಡಿನ ಅತಿ ದೊಡ್ಡ ರಕ್ತಸಾಕ್ಷಿ ಜಾತ್ರೆ ಬೆಂಗಳೂರಿನದಲ್ಲ, ಕಾರ್ಕಳದ ಅತ್ತೂರಿನದು ಎಂದೇ ನನ್ನ ಎಣಿಕೆ. ಅಲ್ಲಿಯ ಸಂತ ಲಾರೆನ್ಸ್ 258ರಲ್ಲಿ ರೋಮಿನಲ್ಲಿ ಸತ್ತ ಉಪಯಾಜಕ. ಕಾದ ಕಬ್ಬಿಣದ ಜಾಲರಿಯ ಮೇಲೆ ಸುಟ್ಟು ಕೊಂದರೆಂಬ ಕಥೆ. ಸಭೆಯ ಸಂಪತ್ತು ತಂದೊಪ್ಪಿಸು ಎಂದಾಗ ಬಡವರನ್ನು, ಕುಂಟರು ಕುರುಡರನ್ನು ಕರೆತಂದು ನಿಲ್ಲಿಸಿದನಂತೆ. ಜನವರಿಯ ಕೊನೆಯ ಜಾತ್ರೆಗೆ ಎಲ್ಲ ಧರ್ಮದವರೂ ಮೊಂಬತ್ತಿ ಹಿಡಿದು ಬರುತ್ತಾರೆ. 2016ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ಸಿಕ್ಕಿತು.

● ದಂಡಿನ ಸಿಪಾಯಿಗಳ ಚರ್ಚು ಕತೀಡ್ರಲ್ ಆದದ್ದು ಸ್ವಾತಂತ್ರ್ಯದ ವರ್ಷ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಬಿಷಪ್ಪರ ಪೀಠ ಮಾರ್ಕನ ಚರ್ಚಿಗೆ ಬಂತು. ಇಂದು ಅದು ಕರ್ನಾಟಕ ಮಧ್ಯ ಸಭಾಪ್ರಾಂತದ ಕತೀಡ್ರಲ್.

● ಮಾರ್ಕನ ಹಬ್ಬ ಏಪ್ರಿಲ್ 25. ಅಂದು ವೆನಿಸ್‌ನಲ್ಲಿ ಗಂಡಸರು ಮೆಚ್ಚಿದವಳಿಗೆ ಕೆಂಪು ಗುಲಾಬಿಯ ಮೊಗ್ಗು ಕೊಡುತ್ತಾರೆ. ಗಣರಾಜ್ಯದ ಕಾಲದಲ್ಲಿ ಊರಿನ ದೊರೆಗೆ ಅಂದು ಬಡಿಸುತ್ತಿದ್ದದ್ದು ‘ರೀಸಿ ಎ ಬೀಸಿ’, ವಸಂತದ ಎಳೆಯ ಹಸಿ ಬಟಾಣಿ ಹಾಕಿ ಮೆತ್ತಗೆ ಬೇಯಿಸಿದ ಅನ್ನ. ಹಳೆಯ ಪಂಚಾಂಗ ಹಿಡಿದಿರುವ ಕೋಪ್ಟಿಕರಿಗೆ ಅದೇ ಹಬ್ಬ ಈಗ ಮೇ 8ಕ್ಕೆ ಬರುತ್ತದೆ.